ವಾಸನೆ ಹೋದರೆ ಸತ್ವ ಹೋಯಿತು

ಗೋಬರ್ ಗ್ಯಾಸಿಗೂ ನನಗೂ ಯಾವ ಜನ್ಮದ ನಂಟೋ, ಹೋದಲ್ಲೆಲ್ಲ ಒಂದು ಫಜೀತಿ ಕಾದೇ ಇರುತ್ತಿತ್ತು. ಎಂಬತ್ತರ ದಶಕದಲ್ಲಿ ನಾನು ಹುಮನಾಬಾದ್ ಕಡೆಯ ಹಳ್ಳಿಗಳಲ್ಲಿ ಸಗಣಿ ಗ್ಯಾಸಿನ ಗುಂಡಿ ಹಾಕಿಸುವ ಗ್ರಾಮಸೇವಕ. ಹೆಂಡತಿ ನನ್ನ ತಾಯಿಯನ್ನು ನೋಡಿಕೊಂಡು ಬಸವಕಲ್ಯಾಣದಲ್ಲಿ. ಶನಿವಾರದ ಬಸ್ಸಿಗೆ ನಾನು ಸೋಮವಾರದಿಂದಲೇ ಕಾಯುತ್ತಿದ್ದೆ. ಕಲ್ಯಾಣಕ್ಕೆ ವರ್ಗ ಕೇಳಿ ಅರ್ಜಿ ಬರೆದೂ ಬರೆದೂ ಕೈ ಸೋತಿತ್ತು.

೧. ಮಾಳಿಗೆ

ದುಬಲಗುಂಡಿಯ ರೈತರೊಬ್ಬರು ಗ್ಯಾಸ್ ಗುಂಡಿಯಿಂದ ಹೊರಬಂದ ಬಗ್ಗಡವನ್ನು ಮಾಳಿಗೆಗೆ ಹೊತ್ತು ಹಪ್ಪಳದಂತೆ ಒಣಗಿಸಿದ್ದರು. "ನೋಡ್ರಿ ಸಾಹೇಬ್ರ, ಒಂದೀಟೂ ವಾಸನಿ ಇಲ್ಲ," ಎಂದು ನನ್ನ ಮೂಗಿಗೇ ಹಿಡಿದರು. ಕಣ್ಣುರಿಸುವ ಆ ವಾಸನೆಯೇ ಅಮೋನಿಯಾ, ಬೆಳೆಗೆ ಬೇಕಾದ ಸತ್ವ ಬಿಸಿಲಿಗೆ ಹಾರಿಹೋಯಿತು, ವಾಸನೆ ಹೋದರೆ ಸತ್ವ ಹೋಯಿತು ಎಂದೆ. ಕಬ್ಬಿನ ಒಣಗರಿ, ಅಂದರೆ ರವದಿ, ಹಾಸಿ, ಬಗ್ಗಡ ಸುರಿದು, ಮೇಲೆ ಮಣ್ಣು ಮುಚ್ಚಿದರೆ ಅದು ಉಳಿಯುತ್ತದೆ ಎಂದೂ ಹೇಳಿದೆ. ಅವರು ಗಾಳಿ ಬೀಸುವ ದಿಕ್ಕು ನೋಡಿ ಮುಖ ಸಣ್ಣದು ಮಾಡಿದರು. ಹಾಗಾದರೆ ತಮ್ಮ ಗೊಬ್ಬರವೆಲ್ಲ ಮಾತು ಬಿಟ್ಟ ದಾಯಾದಿಯ ಹೊಲಕ್ಕೆ ಹೋಯಿತೇ ಎಂದು ಕೇಳಿದರು.

೨. ಜಮಖಾನ

ಹಳ್ಳಿಖೇಡದ ಯಜಮಾನರೊಬ್ಬರು ನನ್ನ ಪಾಠವನ್ನು ಅತಿಯಾಗಿ ಕೇಳಿದರು. ರವದಿ, ಮಣ್ಣು ಸಾಲದೆಂದು ಮನೆಯ ಜಮಖಾನವನ್ನೂ ಬಗ್ಗಡದ ಗುಂಡಿಗೆ ಹೊದಿಸಿದರು. ವಾರದ ಮೇಲೆ ಮಗಳನ್ನು ನೋಡಲು ಬಂದವರಿಗೆ ಅದನ್ನೇ ಜಾಡಿಸಿ ಹಾಸಿದರು. ಹುಡುಗಿ ಬಂದು ನಿಂತಾಗ ಬೀಗರೆಲ್ಲರ ಕಣ್ಣಲ್ಲೂ ನೀರು. ಯಜಮಾನರು ಕರೆದರೆಂದು ಬಂದು ಪಕ್ಕದಲ್ಲಿ ಕೂತಿದ್ದ ನನ್ನ ಕಣ್ಣಲ್ಲೂ ನೀರು. ಆ ಹುಡುಗಿಯ ತಲೆಯ ಮೇಲಿನ ಸೆರಗು ನೋಡಿ ನನಗೆ ನನ್ನವಳ ನೆನಪಾಗಿತ್ತು. ಕೇಳಿದವರಿಗೆ ಅಮೋನಿಯಾ ಎಂದೆ. ಸಂಬಂಧ ಅಲ್ಲೇ ಗಟ್ಟಿಯಾಯಿತು. "ಬಾಳ ಮೆತ್ತನ ಮಂದಿರಿ, ಹುಡುಗೀನ ನೋಡಿದ ಕೂಡಲೇ ಅತ್ರು," ಎಂದು ಯಜಮಾನರು ಊರೆಲ್ಲ ಹೇಳಿಕೊಂಡು ಬಂದರು.

೩. ಬಾಗಿಲು

ಶನಿವಾರ ಕಂಡಕ್ಟರ್ ನನ್ನನ್ನು ಬಸ್ಸಿನ ಕಡೇ ಸೀಟಿಗೆ ಅಟ್ಟುತ್ತಿದ್ದ. ಕಲ್ಯಾಣದ ನಮ್ಮ ಓಣಿಯಲ್ಲಿ ನನಗಿಂತ ಮೊದಲು ನನ್ನ ವಾಸನೆ ಮನೆ ಸೇರುತ್ತಿತ್ತು. ಅದು ಮೂಗಿಗೆ ಬಡಿದ ಕೂಡಲೇ ಹೆಂಡತಿ ರೊಟ್ಟಿಯ ಹಂಚು ಒಲೆಗಿಡುತ್ತಿದ್ದಳು. ಹಿತ್ತಲಲ್ಲಿ ಸ್ನಾನ ಮುಗಿಸಿ ಬರುವಷ್ಟರಲ್ಲಿ ತಾಟಿನಲ್ಲಿ ಬಿಸಿ ರೊಟ್ಟಿ. ವಾರವಿಡೀ ನಾನು ಬದುಕಿದ್ದು ಆ ರೊಟ್ಟಿಗಾಗಿ.

ಎಂಟು ವರ್ಷಕ್ಕೆ ಕೊನೆಗೂ ವರ್ಗವಾಯಿತು. ಕಲ್ಯಾಣದ ಕಚೇರಿಯಲ್ಲಿ ಕುರ್ಚಿ, ಕಾಗದದ ಕೆಲಸ. ಮೊದಲ ಸಂಜೆ ಓಡೋಡಿ ಮನೆಗೆ ಬಂದರೆ ಒಲೆ ತಣ್ಣಗಿತ್ತು. ಪಲ್ಲೆಯ ಸೊಪ್ಪು ಬಿಡಿಸುತ್ತಿದ್ದವಳು ನನ್ನನ್ನು ಕಂಡು ಬೆಚ್ಚಿದಳು. ರೊಟ್ಟಿ ಯಾಕಿಲ್ಲ ಎಂದು ಕೇಳಿದೆ. ವಾಸನೆಯೇ ಬರದಿದ್ದರೆ ನೀವು ಬಂದದ್ದು ಹೇಗೆ ತಿಳಿಯಬೇಕು ಎಂದಳು. ಎದ್ದು ಬಂದು ನನ್ನ ಅಂಗಿ ಮೂಸಿದಳು.

"ವಾಸನಿ ಹೋದ್ರ ಸತ್ವ ಹೋತಂತ ಊರೆಲ್ಲಾ ಹೇಳ್ದವ್ರು ನೀವೇ ಅಲ್ಲೇನ್ರಿ? ಎಂಟು ವರ್ಷ ದಾರಿ ಕಾದೆ. ಎಲ್ಲಾ ಹಾರಿ ಹೋದ ಮ್ಯಾಲ ಕಳಿಸ್ಯಾರ ನೋಡ್ರಿ ನನ್ನ ಕಡಿ."