ಅತ್ತೆ ಮಾಡಿಸಿದ ಚದುರಂಗ

ನಮ್ಮ ಸೋದರತ್ತೆಗೆ ಚದುರಂಗ ಬರುತ್ತಿರಲಿಲ್ಲ ಎಂದು ನಾನು ಬರೆದರೆ ಅವಳು ಎಲ್ಲಿದ್ದರೂ ಎದ್ದು ಬಂದು ನನ್ನ ಕಿವಿ ಹಿಂಡುವುದು ಖಂಡಿತ. ಬರುತ್ತಿತ್ತು ಎಂದು ಬರೆದರೆ ಚದುರಂಗ ಬಲ್ಲವರೆಲ್ಲ ಸೇರಿ ಇನ್ನೊಂದು ಕಿವಿ ಹಿಂಡಿಯಾರು! ನನಗಿರುವುದು ಎರಡೇ ಕಿವಿ. ಆದ್ದರಿಂದ ನಡೆದದ್ದನ್ನು ನಡೆದ ಹಾಗೆ ಹೇಳಿಬಿಡುತ್ತೇನೆ, ತೀರ್ಮಾನ ನೀವೇ ಮಾಡಿಕೊಳ್ಳಿ.

ಅತ್ತೆ ನಮ್ಮಪ್ಪನಿಗೆ ಅಕ್ಕ. ಅವಳನ್ನು ಹನಕೆರೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲ. ಮಾವ ತೀರಿಕೊಂಡ ಮೇಲೆ ಅಪ್ಪ ಹೋಗಿ ಅವಳನ್ನು ಮದ್ದೂರಿಗೆ, ನಮ್ಮ ಮನೆಗೆ, ಕರೆದುಕೊಂಡು ಬಂದ. ಅವಳ ಜಮೀನು ಹನಕೆರೆಯಲ್ಲಿ ಪಾಳು ಬಿದ್ದಿತ್ತು. ಬಿದ್ದಿರಲಿ ಎಂದು ಎಲ್ಲರೂ ಸುಮ್ಮನಿದ್ದಾಗ ಆ ಕಡೆಗೆ ಕಾಲುವೆಯ ನೀರು ಬಂತು, ಮಂಡ್ಯದಲ್ಲಿ ಸಕ್ಕರೆ ಕಾರ್ಖಾನೆ ಎದ್ದಿತು, ರಾಗಿ ಬಿತ್ತುತ್ತಿದ್ದವರೆಲ್ಲ ಕಬ್ಬು ನೆಟ್ಟರು. ಅತ್ತೆ ಒಂದೇ ಹಟ ಹಿಡಿದಳು: ನಾನು ಹೋಗಿ ನನ್ನ ಜಮೀನು ಮಾಡುತ್ತೇನೆ. ಅಪ್ಪನದೂ ಒಂದೇ ಉತ್ತರ: ಯಜಮಾನನೇ ಇಲ್ಲದ ಮನೆಗೆ ಹೋಗಿ ಏನು ಮಾಡುತ್ತೀಯ, ಇಲ್ಲೇ ಇರು, ನಿನಗೇನು ಕಮ್ಮಿಯಾಗಿದೆ?

ಒಂದು ದಿನ ಈ ವಾದ ಜೋರಾಗಿ ನಡೆದಿತ್ತು. ನಾನೂ ನನ್ನ ತಂಗಿಯೂ ನಡುಮನೆಯಲ್ಲಿ ಅದಕ್ಕಿಂತ ಜೋರಾಗಿ ಜಗಳವಾಡುತ್ತಿದ್ದೆವು. ಅಪ್ಪನಿಗೆ ರೇಗಿತು.

"ಮೊದ್ಲು ಈ ಕೋತಿಗಳ್ನ ಒಂದ್ ಕಡೆ ಕೂರ್ಸೋ ಆಟ ಏನಾರ ತಂದ್ಕೊಡಕ್ಕ. ಆಮ್ಯಾಕೆ ನಿನ್ ಜಮೀನ್ ಮಾತು."

"ಕೂತ್ರೆ ಕಳುಸ್ತೀಯಾ?"

"ಕೂರ್ಲಿ, ನೋಡನ."

ಬಾಯಿ ಮುಚ್ಚಿಸಲು ಆಡಿದ ಮಾತು ಅದು. ಬೇರೆ ಯಾರಾದರೂ ಆಗಿದ್ದರೆ ಗೊಣಗಿಕೊಂಡು ಅಡುಗೆಮನೆಗೆ ಹೋಗುತ್ತಿದ್ದರು. ನಮ್ಮತ್ತೆ ಆ ಮಾತನ್ನು ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಮಾವ ಬದುಕಿದ್ದಾಗ ಅವಳಿಗೆ ಚದುರಂಗ ಕಲಿಸಿದ್ದರಂತೆ. ಪೂರ್ತಿ ಕಲಿಸುವುದರೊಳಗೆ ಹೋಗಿಬಿಟ್ಟರು ಎಂದು ನನ್ನ ಅನುಮಾನ.

ಮೊದಲು ಅವಳು ಮಳವಳ್ಳಿ ಸಂತೆಯಿಂದ ಮರದ ಕಾಯಿಗಳನ್ನು ತರಿಸಿದಳು. ಎಲ್ಲವೂ ಒಂದೇ ತಾಯಿಯ ಮಕ್ಕಳಂತೆ ಉರುಟುರುಟಾಗಿದ್ದವು. ಮಂತ್ರಿ ಯಾರು, ಒಂಟೆ ಯಾವುದು ಎಂದು ಬ್ರಹ್ಮನಿಗೂ ತಿಳಿಯುವಂತಿರಲಿಲ್ಲ. ನಾವು ಅವುಗಳಿಗೆ ದಾರ ಸುತ್ತಿ ಬುಗುರಿ ಆಡಿದೆವು. ಅಪ್ಪ ನೋಡಿ ನಕ್ಕ. ಅತ್ತೆ ನಗಲಿಲ್ಲ. ಮಕ್ಕಳಿಗೆ ಗುರುತು ಸಿಗುವ ಕಾಯಿ ಬೇಕು, ಅದರ ಹಿಂದೊಂದು ಕತೆ ಇರಬೇಕು ಎಂದು ತೀರ್ಮಾನಿಸಿ ಮರಗೆಲಸದ ಆಚಾರಿಯನ್ನು ಕರೆಸಿ ಜಗಲಿಯ ಮೇಲೆ ಕೂರಿಸಿದಳು.

ಕತೆ ಎಂದ ಮೇಲೆ ರಾಮಾಯಣ ಬಿಟ್ಟು ಇನ್ನೇನು? ಒಂದು ಕಡೆ ರಾಮ, ಇನ್ನೊಂದು ಕಡೆ ರಾವಣ, ಕಾಲಾಳುಗಳ ಜಾಗದಲ್ಲಿ ಸಾಲಾಗಿ ಕಪಿಗಳು. ಚೆನ್ನಾಗಿಯೇ ಇತ್ತು. ಆದರೆ ಮಾರನೆಯ ಬೆಳಿಗ್ಗೆ ನೋಡಿದರೆ ರಾಮ, ಸೀತೆ, ಹನುಮಂತ ಮೂವರೂ ನಾಪತ್ತೆ! ನಮ್ಮಜ್ಜಿ ಆ ಮೂವರನ್ನೂ ಎತ್ತಿಕೊಂಡು ಹೋಗಿ ದೇವರ ಗೂಡಿನಲ್ಲಿ ಇಟ್ಟು, ಕುಂಕುಮ ಹಚ್ಚಿ, ಹೂವು ಏರಿಸಿ, ಬಾಳೆಹಣ್ಣನ್ನೂ ಮುರಿದಿದ್ದಳು. ಪೂಜೆ ಮಾಡಿದ ದೇವರನ್ನು ಮತ್ತೆ ಆಟಕ್ಕೆ ಇಳಿಸುವುದು ಹೇಗೆ? ಅತ್ತೆ ಬೇಡಿದಳು, ಬೈದಳು, ಅಜ್ಜಿ ಜಗ್ಗಲಿಲ್ಲ. ಯುದ್ಧ ಮಾಡಲು ಯಾರೂ ಇಲ್ಲದೆ ರಾವಣ ಡಬ್ಬದಲ್ಲಿ ಸುಖವಾಗಿ ಮಲಗಿದ.

ದೇವರ ಸಹವಾಸ ಬೇಡ ಎಂದು ಎರಡನೆಯ ಸಲ ಅರಮನೆ ಮಾಡಿಸಿದಳು. ಪೇಟ ಕಟ್ಟಿದ ರಾಜ, ಅಂಬಾರಿ ಹೊತ್ತ ಆನೆ, ಕಾಲು ಎತ್ತಿದ ಕುದುರೆ. ಆಚಾರಿ ಕೆತ್ತುತ್ತಾ ಕೂತಿದ್ದಷ್ಟು ದಿನವೂ ಅವನ ಎದುರಿಗೆ ಅಪ್ಪ ಎಲೆ ಅಡಿಕೆ ಜಗಿಯುತ್ತಾ ಕೂತಿದ್ದ. ಪಾಪ, ಆಚಾರಿಯಾದರೂ ಏನು ಮಾಡಿಯಾನು? ರಾಜನಿಗೆ ಅಪ್ಪನ ಮೂಗು ಬಂತು, ಅಪ್ಪನ ಮೀಸೆ ಬಂತು, ಎಲೆ ತುಂಬಿದ ಎಡಗೆನ್ನೆಯ ಉಬ್ಬೂ ಬಂತು. ಎರಡು ಕಡೆಯ ರಾಜರೂ ಅಪ್ಪನೇ!

ಅಪ್ಪ ಇದನ್ನು ಗಮನಿಸಿರಲಿಲ್ಲ. ಒಂದು ದಿನ ಊರಿನ ಹಿರಿಯರ ಜೊತೆ ಜಗಲಿಯಲ್ಲಿ ಏನೋ ದೊಡ್ಡ ವಿಚಾರ ಮಾತಾಡುತ್ತಿದ್ದ. ಒಳಗೆ ನಾನು ತಂಗಿಗೆ ಹೇಳುತ್ತಿದ್ದೆ, ನಿನ್ನ ಅಪ್ಪನನ್ನು ಮೂಲೆಗೆ ನೂಕಿದ್ದೇನೆ, ಇನ್ನೊಂದೇ ಏಟು ಎಂದು. ಅದಕ್ಕೆ ನನ್ನ ತಂಗಿ ಹೊರಗಿನವರಿಗೆಲ್ಲ ಕೇಳುವ ಹಾಗೆ, "ಅಪ್ಪ ಓದ್ರೆ ಓಗ್ಲಿ ಬುಡಣ್ಣ, ನನ್ ಆನೆ ಉಳುದ್ರೆ ಸಾಕು" ಅಂದಳು. ಬಂದಿದ್ದ ಹಿರಿಯರು ಕೆಮ್ಮುತ್ತಾ ಎದ್ದು ಹೋದರು. ಆ ಸಂಜೆಯೇ ಅರಮನೆ ಬೀಗ ಹಾಕಿದ ಪೆಟ್ಟಿಗೆಗೆ ಸೇರಿತು. ಅಕ್ಕ ಇನ್ನು ಹನಕೆರೆಯ ಹೆಸರೆತ್ತಲಾರಳು ಎಂದು ಅಪ್ಪ ನಿರಾಳವಾದ.

ಅವನ ಅಕ್ಕ ಯಾರೆಂದು ಅವನಿಗೆ ಇನ್ನೂ ತಿಳಿದಿರಲಿಲ್ಲ. ಮೂರನೆಯ ಸಲ ಅವಳು ಆಚಾರಿಗೆ ಹೇಳಿದ್ದು, ದೇವರೂ ಬೇಡ ದೊರೆಯೂ ಬೇಡ, ಒಂದು ಒಕ್ಕಲು ಮಾಡಿಕೊಡು ಎಂದು. ಆನೆಯ ಜಾಗಕ್ಕೆ ಎತ್ತಿನ ಗಾಡಿ ಬಂತು, ಅದು ಹೇಗಿದ್ದರೂ ಜಾಡು ಹಿಡಿದು ನೆಟ್ಟಗೆ ಹೋಗುವಂಥದ್ದು. ಕುದುರೆಯ ಬದಲು ಬೇಲಿ ಹಾರುವ ಮೇಕೆ. ಒಂಟೆಯ ಬದಲು ನೀರುಗಂಟಿ: ಗದ್ದೆಗೆ ನೀರು ಬಿಡುವ ಅವನು ಎಂದಾದರೂ ನೆಟ್ಟಗೆ ನಡೆದದ್ದುಂಟೆ, ಯಾವಾಗಲೂ ಓರೆಯಾಗಿ ಬದುವಿನ ಮೇಲೆಯೇ. ಕಾಲಾಳುಗಳ ಹೆಗಲಿಗೆ ಗುದ್ದಲಿ ಬಂತು, ಅಷ್ಟೆ. ಮಂತ್ರಿಯ ಬಳಿ ಆಚಾರಿ ತಡವರಿಸಿದ. ಒಕ್ಕಲುಮನೆಯಲ್ಲಿ ಮಂತ್ರಿಯನ್ನು ಎಲ್ಲಿಂದ ತರುವುದು? ಎಲ್ಲ ಕಡೆಗೂ ಓಡಾಡುವವಳು ಮನೆಯಾಕೆ ತಾನೇ, ಅವಳನ್ನೇ ಕೆತ್ತು, ಕಂಕುಳಲ್ಲಿ ಒಂದು ಮೊರ ಇರಲಿ ಎಂದಳು ಅತ್ತೆ. ರಾಜನ ಜಾಗದಲ್ಲಿ ಯಜಮಾನ. ಒಂದು ಮನೆಗಿಂತ ಹೆಚ್ಚು ನಡೆಯದೆ ಕೂತಲ್ಲೇ ಕೂರುವ ಯಜಮಾನನನ್ನು ಕಂಡು ಅಮ್ಮ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕಳು.

ನಾವು ಕೂತೆವು. ಹೇಗೆ ಕೂತೆವೆಂದರೆ ಊಟಕ್ಕೆ ಕರೆದರೂ ಏಳಲಿಲ್ಲ. ಮೇಕೆ ಹಾರುವುದನ್ನು ಯಾರಾದರೂ ಕಲಿಸಬೇಕೆ? ಮನೆಯಲ್ಲಿ ಸದ್ದೇ ಇಲ್ಲದ್ದನ್ನು ಕಂಡು ಅಪ್ಪನಿಗೆ ಗಾಬರಿಯಾಯಿತು, ಬಂದು ಇಣುಕಿದ. ಅತ್ತೆ ಕಂಬಕ್ಕೆ ಒರಗಿ ಅವನನ್ನೇ ನೋಡುತ್ತಿದ್ದಳು. ಕೊಟ್ಟ ಮಾತು ಅವನಿಗೂ ನೆನಪಿತ್ತು. ಆದರೆ ಅಪ್ಪ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. ಚದುರಂಗ ಅವನಿಗೂ ಬರುತ್ತಿತ್ತು. ಮಕ್ಕಳು ಕೂತರಾಯಿತೆ, ನನ್ನ ಜೊತೆ ಒಂದು ಆಟ ಆಡು, ನೀನು ಸೋತರೆ ಇನ್ನು ಜಮೀನಿನ ಮಾತು ಎತ್ತಕೂಡದು ಎಂದ. ಅತ್ತೆ ಸೆರಗು ಸಿಕ್ಕಿಸಿಕೊಂಡು ಎದುರಿಗೆ ಕೂತಳು.

ಆಡಿದಳು, ಎಂದಿನಂತೆ ಕೆಟ್ಟದಾಗಿಯೇ. ಮನೆಯಾಕೆಯನ್ನು ದೂರ ಕಳಿಸಿ ಯಜಮಾನನನ್ನು ಮರೆತೇಬಿಟ್ಟಳು. ಅಪ್ಪನ ಗಾಡಿ ಒಂದು ಕಡೆಯಿಂದ, ನೀರುಗಂಟಿ ಇನ್ನೊಂದು ಕಡೆಯಿಂದ ಬಂದು ಅವಳ ಯಜಮಾನನನ್ನು ಮೂಲೆಯಲ್ಲಿ ಕಟ್ಟಿಹಾಕಿದರು. ಎಲ್ಲಿಗೂ ದಾರಿ ಇರಲಿಲ್ಲ. ನನಗೆ ಅಳು ಬರುವಂತಾಯಿತು.

"ಮುಗೀತು ಕಣಕ್ಕ. ಎಲ್ಲ ಎತ್ತಿ ಡಬ್ಬಕ್ ಆಕು."

ಅತ್ತೆ ಎಲ್ಲವನ್ನೂ ಎತ್ತಲಿಲ್ಲ. ಯಜಮಾನನೊಬ್ಬನನ್ನು ಎತ್ತಿ, ಸೆರಗಿನಿಂದ ಒರೆಸಿ, ಪಕ್ಕದಲ್ಲಿ ಮೆಲ್ಲಗೆ ಮಲಗಿಸಿದಳು.

"ಅವ್ರು ಓದ್ರು. ಸರಿ. ಈಗ ನೀನ್ ಆಡು."

"ಯಜಮಾನ ಓದ್ಮ್ಯಾಕೆ ಆಟ ಎಲ್ಲೈತಕ್ಕ?"

ಅವಳು ಒಂದೊಂದು ಕಾಯಿಯನ್ನೂ ಬೆರಳಿಂದ ಮುಟ್ಟಿದಳು. "ಗಾಡಿ ಐತೆ. ಮೇಕೆ ಅವೆ. ಆಳುಗಳವ್ರೆ." ಕೊನೆಗೆ ಮೊರ ಹಿಡಿದ ಮನೆಯಾಕೆಯ ಮೇಲೆ ಬೆರಳಿಟ್ಟಳು. "ನಾನಿವ್ನಿ. ಯಾಕ್ಲಾ ತಮ್ಮಯ್ಯ, ಯಾಕಿಲ್ಲ ಆಟ?"

ಹಾಗೆಲ್ಲ ಆಡುವಂತಿಲ್ಲ ಎನ್ನಲು ಹೊರಟ ಅಪ್ಪ ಪಕ್ಕದಲ್ಲಿ ಮಲಗಿದ್ದ ಯಜಮಾನನನ್ನು ನೋಡಿದ. ಆಮೇಲೆ ತನ್ನ ಗಾಡಿಯನ್ನು ಒಂದು ಮನೆ ಹಿಂದಕ್ಕೆ ಸರಿಸಿ, ತಲೆ ಎತ್ತದೆ ಕೇಳಿದ:

"ಅಲ್ಲಿ ಉಳಕ್ಕೆ ಎತ್ತು ಯಾರ್ದಕ್ಕ? ನಮ್ ಜೋಡೀನೇ ಒಡ್ಕೊಂಡೋಗು."

ಮಾವ ಸತ್ತಾಗಲೂ ನಮ್ಮೆದುರು ಅಳದಿದ್ದ ಅತ್ತೆ ಅಲ್ಲೇ ಕೂತು ಬಿಕ್ಕಿ ಬಿಕ್ಕಿ ಅತ್ತಳು. ಅಪ್ಪನ ಕಣ್ಣಲ್ಲೂ ನೀರು ಬಂತು. ಅವಳು ನಮ್ಮನ್ನು ಬಿಟ್ಟು ಹೋಗುತ್ತಾಳೆಂದು ನನಗೂ ದುಃಖ ಒತ್ತರಿಸಿ ಬಂತು. ನನ್ನ ತಂಗಿ ಮಾತ್ರ ಹಲಗೆಯಿಂದ ಕಣ್ಣು ಕಿತ್ತಿರಲಿಲ್ಲ. ಅತ್ತೆಯ ಸೆರಗು ಹಿಡಿದು ಎಳೆದು ಹೇಳಿದಳು:

"ಅತ್ತೆ, ಅಪ್ಪಂದಾಯ್ತು. ಈಗ ನಿಂದು ಕಣತ್ತೆ ಆಟ."