ಮನೆದೇವರ ಹಬ್ಬದಲ್ಲೊಂದು ಕಾರಿನ ಅದಲುಬದಲು

"ಈ ಸಲದ ಸ್ಲಾವಾ ಮುಗಿಯೋದರೊಳಗೆ ನಾನು ಓಡೋ ಕಾರಿನ ಒಡೆಯ ಆಗದೇ ಇದ್ರೆ, ನನ್ನ ಹೆಸರು ಝಿವಾದಿನ್ ಅಲ್ಲ."

ಹೀಗೆಂದು ಝಿವಾದಿನ್ ಗ್ಯಾರೇಜಿನ ಬಾಗಿಲಲ್ಲಿ ನಿಂತು, ಎದೆಯುಬ್ಬಿಸಿ, ಬಲಗೈ ಮೇಲೆತ್ತಿ ಶಪಥ ಮಾಡಿದ. ಸಾಕ್ಷಿಗೆ ಇದ್ದದ್ದು ಒಂದು ಕೋಳಿ. ಅದು ಒಮ್ಮೆ ಅವನನ್ನು ನೋಡಿತು, ಒಮ್ಮೆ ಕಾರನ್ನು ನೋಡಿತು, ಆಮೇಲೆ ಏನೂ ಕೇಳಿಸಲೇ ಇಲ್ಲವೆಂಬಂತೆ ಹೊರಗೆ ನಡೆಯಿತು.

ಕೋಳಿಯದೇನೂ ತಪ್ಪಿಲ್ಲ. ಆ ಕಾರು, ಊರಿನವರೆಲ್ಲ ಪ್ರೀತಿಯಿಂದ 'ತ್ರಿಸ್ತಾಚ್' ಎಂದು ಕರೆಯುವ ಹಳೇ ಕಾಲದ ನಾಲ್ಕು ಬಾಗಿಲಿನ ಗಾಡಿ, ಈ ಮನೆಗೆ ಬಂದಾಗ ಝಿವಾದಿನ್‌ನ ಮಗಳು ತೊಟ್ಟಿಲಲ್ಲಿದ್ದಳು. ಈಗ ಅವಳು ನೋವಿ ಸಾದ್ ನಗರದಲ್ಲಿ ವಕೀಲಿಕೆ ಓದುತ್ತಿದ್ದಾಳೆ. ಕಾರು ಮಾತ್ರ ಇನ್ನೂ ತೊಟ್ಟಿಲಲ್ಲೇ ಇದೆ. ಎಂಜಿನ್ ಇಲ್ಲವೆಂದಲ್ಲ. ಇದೆ, ಓಡುತ್ತದೆ ಕೂಡ. ಪ್ರತಿ ಭಾನುವಾರ ಝಿವಾದಿನ್ ಅದನ್ನು ಶುರು ಮಾಡಿ, ಕಣ್ಣು ಮುಚ್ಚಿಕೊಂಡು, ಸಂಗೀತ ಕೇಳುವವನ ಹಾಗೆ ತಲೆದೂಗುತ್ತಾನೆ. ತೊಂದರೆ ಇಷ್ಟೇ: ಅದು ಓಡುವುದು ಕಾರಿನೊಳಗಲ್ಲ, ಅಂಗಳದಲ್ಲಿರುವ ಕಬ್ಬಿಣದ ಸ್ಟೂಲಿನ ಮೇಲೆ. ಎಂಜಿನ್ ಕೂರಿಸಬೇಕಾದ ಜಾಗ ತುಕ್ಕು ತಿಂದು ಜರಡಿಯಾಗಿದೆ. ಅದನ್ನು ಬೆಸುಗೆ ಹಾಕಬೇಕು. ಬೆಸುಗೆ ಎಂದರೆ ಝಿವಾದಿನ್‌ಗೆ ಆಗದು. ಹೀಗಾಗಿ ಅವನು ಸರಿಯಿದ್ದ ಎಂಜಿನ್ನನ್ನೇ ಮತ್ತೆ ಮತ್ತೆ ಬಿಚ್ಚಿ ಸರಿಮಾಡುತ್ತಾ ಇಷ್ಟು ವರ್ಷ ಕಳೆದ.

"ನೀನು ಇದರಲ್ಲಿ ನನ್ನನ್ನ ಚರ್ಚಿಗೆ ಕರ್ಕೊಂಡು ಹೋಗೋ ಹೊತ್ತಿಗೆ ನಾಲ್ಕು ಜನ ನನ್ನನ್ನ ಹೊತ್ಕೊಂಡು ಹೋಗ್ತಿರ್ತಾರೆ," ಎನ್ನುತ್ತಿದ್ದಳು ಹೆಂಡತಿ ಪೆರ್ಸಿದಾ.

"ಅಷ್ಟು ಅವಸರ ಯಾಕೆ?"

"ಯಾವುದಕ್ಕೆ, ಕಾರಿಗಾ, ಹೆಣಕ್ಕಾ?"

ಇಂಥ ಮನೆಯಲ್ಲಿ ಗಂಡಸು ಎಷ್ಟು ದಿನ ತಲೆಯೆತ್ತಿ ಬದುಕಿಯಾನು? ಊರಿನ ನೀರಿನ ಮೀಟರುಗಳನ್ನು ಓದುತ್ತಾ ಬೀದಿ ಬೀದಿ ನಡೆದೇ ಅರ್ಧ ಆಯುಷ್ಯ ಸವೆದಿತ್ತು. ಒಮ್ಮೆ, ಒಂದೇ ಒಂದು ಸಲ, ಪೆರ್ಸಿದಾಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಆ ಬೀದಿಗಳಲ್ಲಿ ಹಾರ್ನ್ ಹೊಡೆಯುತ್ತಾ ಹೋಗಬೇಕು. ಅವನ ಆಸೆ ಅಷ್ಟೇ. ಅಷ್ಟರಲ್ಲಿ ಚಾಚಾಕ್ ಊರಿನ ರಾತೋಮಿರ್ ಎಂಬಾತ ಫೋನಿನಲ್ಲಿ ಸಿಕ್ಕ. ಅವನ ಹತ್ತಿರ ಎರಡು ಬಾಗಿಲಿನ ಕೆಂಪು ಕೂಪೆ ಇತ್ತು. ಇಟಲಿಯದ್ದು, ಮದುವೆ ಹೆಣ್ಣಿನ ಹಾಗೆ ಮಿನುಗುವಂಥದ್ದು. ಅದನ್ನು ಕೊಟ್ಟು ತ್ರಿಸ್ತಾಚ್ ತೆಗೆದುಕೊಳ್ಳಲು ತಯಾರಿದ್ದ. ಅಂಥ ಕಾರು ಕೊಟ್ಟು ಇಂಥ ಕಾರು ಯಾಕಪ್ಪಾ ತಗೋತಾನೆ ಎಂದು ಬೇರೆ ಯಾರಾದರೂ ಆಗಿದ್ದರೆ ಯೋಚಿಸುತ್ತಿದ್ದರು. ಝಿವಾದಿನ್‌ಗೆ ಅನ್ನಿಸಿದ್ದು, ನನ್ನ ಎಂಜಿನ್ನಿನ ಕೀರ್ತಿ ಚಾಚಾಕ್‌ವರೆಗೂ ಮುಟ್ಟಿದೆ ಎಂದು.

ಪೆರ್ಸಿದಾಳಿಗೆ ಹೇಳುವುದು ಹೇಗೆ? ಬೈಯುವಳು ಎಂದಲ್ಲ. ನಗುತ್ತಾಳೆ. ಅದು ಬೈಗುಳಕ್ಕಿಂತ ಹೆಚ್ಚು ಬಾಳಿಕೆ ಬರುತ್ತದೆ. ಆಗ ಅವನ ತಲೆಯಲ್ಲಿ ಮಿಂಚಿದ್ದೇ ಈ ಮಹಾ ಉಪಾಯ: ರಾತೋಮಿರ್‌ನನ್ನು ಸ್ಲಾವಾ ದಿನವೇ ಬರಹೇಳುವುದು.

ಸ್ಲಾವಾ ಎಂದರೆ ಮನೆದೇವರ ಹಬ್ಬ. ಆ ದಿನಕ್ಕೆ ಯಾರನ್ನೂ ಕರೆಯುವ ಪದ್ಧತಿಯಿಲ್ಲ, ಬರುವವರು ಬರುತ್ತಾರೆ. ಬಂದವರನ್ನು "ನೀವ್ಯಾರು, ಯಾಕೆ ಬಂದ್ರಿ" ಎಂದು ಕೇಳಿದರೆ ಮನೆದೇವರು ಮುನಿಯುತ್ತಾನೆ, ಅದಕ್ಕಿಂತ ಮೊದಲು ನೆಂಟರು ಮುನಿಯುತ್ತಾರೆ. ಜನಜಂಗುಳಿಯಲ್ಲಿ ಒಬ್ಬ ಹೊಸಬ ಬಂದ, ಉಂಡ, ಗ್ಯಾರೇಜಿಗೆ ಹೋದ, ಕೀ ಕೊಟ್ಟ, ಕೀ ತಗೊಂಡ. ಹಾವೂ ಸಾಯಲ್ಲ, ಕೋಲೂ ಮುರಿಯಲ್ಲ. ಝಿವಾದಿನ್ ತನ್ನ ಬುದ್ಧಿಗೆ ತಾನೇ ದಂಗಾಗಿಹೋದ.

ದೇವದೂತ ಮಿಖಾಯಿಲನ ದಿನ ಬಂತು. ಹಿಂದಿನ ದಿನವೆಲ್ಲ ಮಳೆ ಹೊಯ್ದಿತ್ತು. ಪಾದ್ರಿ ಬೆಳಗ್ಗೆಯೇ ಬಂದು ಹಬ್ಬದ ರೊಟ್ಟಿ ಹೆಚ್ಚಿ, ಮೋಂಬತ್ತಿ ಹಚ್ಚಿಸಿ ಹೋಗಿದ್ದ. ಮಧ್ಯಾಹ್ನದ ಹೊತ್ತಿಗೆ, ಚರ್ಚಿನ ಗುಡ್ಡದ ಇಳಿಜಾರಿನಿಂದ ಕೆಂಪು ಕೂಪೆ ಹಂಸದ ಹಾಗೆ ತೇಲಿಬಂದು ಗೇಟಿನ ಮುಂದೆ ನಿಂತಿತು. ಹೊರಗೆ ಸಿಗರೇಟು ಸೇದುತ್ತಿದ್ದ ಗಂಡಸರು ಬಾಯಿ ಬಿಟ್ಟುಕೊಂಡು ನೋಡಿದರು.

"ಏನ್ ಸ್ವಾಮಿ, ಎಂಜಿನ್ ಸದ್ದೇ ಇಲ್ವಲ್ಲ."

"ಇಟಲಿಯವರ ಕೈಕೆಲಸ," ಎಂದ ರಾತೋಮಿರ್, ಬಾಗಿಲನ್ನು ಮಗುವಿನ ತೊಟ್ಟಿಲು ತೂಗುವಷ್ಟು ಮೆತ್ತಗೆ ಮುಚ್ಚುತ್ತಾ.

ಅಲ್ಲಿಗೆ ಉಪಾಯದ ಮೊದಲರ್ಧ ಗೆದ್ದಿತು. ಎರಡನೆಯ ಅರ್ಧದಲ್ಲಿ ಒಂದು ಸಣ್ಣ ಲೋಪವಿತ್ತು. ಸ್ಲಾವಾ ದಿನ ಬಂದವನನ್ನು ಯಾರೂ ಪ್ರಶ್ನೆ ಕೇಳುವುದಿಲ್ಲ ನಿಜ, ಆದರೆ ಎದ್ದು ಹೋಗಲೂ ಯಾರೂ ಬಿಡುವುದಿಲ್ಲ. ರಾತೋಮಿರ್ ಒಳಗೆ ಬಂದು, ಶಿಲುಬೆಯ ಗುರುತು ಮಾಡಿ, ಸಿಹಿಗೋಧಿಯ ಒಂದು ಚಮಚ ಬಾಯಿಗಿಟ್ಟದ್ದೇ ತಡ, ಪೆರ್ಸಿದಾ ಅವನನ್ನು ಎರಡು ದಪ್ಪ ಹೆಂಗಸರ ನಡುವೆ ಕೂರಿಸಿದಳು. ಸೂಪು ಬಂತು. ಸೂಪಿನ ಬೆನ್ನಿಗೆ ಎಲೆಕೋಸಿನಲ್ಲಿ ಮಾಂಸ ಸುತ್ತಿ ಬೇಯಿಸಿದ ಸಾರ್ಮಾ. ಸಾರ್ಮಾ ಮುಗಿಯುವ ಮೊದಲೇ ಹುರಿದ ಹಂದಿ.

"ಸಾಕಮ್ಮಾ," ಎಂದ ರಾತೋಮಿರ್.

"ಸಾಕು ಅನ್ನೋಕೆ ಇದೇನು ಆಸ್ಪತ್ರೆ ಊಟನಾ?" ಎಂದು ಪೆರ್ಸಿದಾ ಇನ್ನೆರಡು ಸಾರ್ಮಾ ಹಾಕಿದಳು.

ಪಕ್ಕದಲ್ಲಿದ್ದ ದೆಸಾಂಕಾ ಅತ್ತೆ, ಪೆರ್ಸಿದಾಳ ತಂದೆಯ ತಂಗಿ, ಅವನ ಗಲ್ಲ ಹಿಡಿದು ಬೆಳಕಿಗೆ ತಿರುಗಿಸಿದಳು. "ಮೂಗು ನೋಡಿದ್ರೇ ಗೊತ್ತಾಗುತ್ತೆ. ನೀನು ನಮ್ಮ ತಿಮೋತಿಯೆಯ ಮಗ ಅಲ್ವಾ? ನಿಮ್ಮಪ್ಪ ಸತ್ತಾಗ ಬರೋಕಾಗ್ಲಿಲ್ಲ ಕಣಪ್ಪಾ, ಮಂಡಿನೋವು."

ರಾತೋಮಿರ್‌ನ ತಂದೆ ಚಾಚಾಕ್‌ನಲ್ಲಿ ಆ ಹೊತ್ತಿಗೆ ಟೀವಿ ನೋಡುತ್ತಾ ಕೂತಿದ್ದ. ಆದರೆ ಬಾಯ್ತುಂಬ ಹಂದಿಮಾಂಸ ಇಟ್ಟುಕೊಂಡು ಅದನ್ನೆಲ್ಲ ವಿವರಿಸುವುದು ಹೇಗೆ? ಅವನು ತಲೆಯಾಡಿಸಿದ. ಅತ್ತೆ ಅಳಲು ಶುರುಮಾಡಿದಳು.

ಝಿವಾದಿನ್‌ನ ಕಥೆ ಇನ್ನೂ ಚೆಂದ. ಮನೆಯ ಯಜಮಾನ ಆ ದಿನ ಕೂರುವ ಹಾಗಿಲ್ಲ; ನಿಂತೇ ಇದ್ದು ಬಂದವರ ಲೋಟ ತುಂಬಿಸಬೇಕು. ಅವನು ರಾಕಿಯಾ ಸಾರಾಯಿಯ ಶೀಸೆ ಹಿಡಿದು ಸುತ್ತುತ್ತಾ, ರಾತೋಮಿರ್ ಹತ್ತಿರ ಬಂದಾಗಲೆಲ್ಲ ಬಗ್ಗಿ ಪಿಸುಗುಟ್ಟಿದ. ಮೂರು ಸುತ್ತಿಗೆ ಒಂದು ಮಾತುಕತೆ ಮುಗಿಯುತ್ತಿತ್ತು.

"ಕಾರು ಪೂರ್ತಿ ಇದೆ ತಾನೇ? ಬಿಡಿಭಾಗ ಎಲ್ಲ?" ಎಂದು ಕೇಳಿದ ರಾತೋಮಿರ್.

"ಒಂದು ತಿರುಪೂ ಹೋಗಿಲ್ಲ. ಎಲ್ಲಾ ಮನೇಲೇ ಇದೆ."

"ಸೀಟುಗಳು?"

"ನೀವು ಕೂತಿರೋದೇ."

ರಾತೋಮಿರ್ ಕೆಳಗೆ ನೋಡಿದ. ಹೌದು, ಮುಂದಿನ ಸೀಟು. ಎದುರಿಗಿದ್ದ ಹಿಂದಿನ ಸೀಟಿನ ಮೇಲೆ ಇಡೀ ಒಂದು ಸಂಸಾರ ಕೂತಿತ್ತು. ಆಗಲೇ ಝಿವಾದಿನ್‌ಗೂ ಹೊಳೆದದ್ದು: ಇಷ್ಟು ವರ್ಷದಲ್ಲಿ ತ್ರಿಸ್ತಾಚ್ ಗ್ಯಾರೇಜು ಬಿಟ್ಟು ಮನೆಯೊಳಗೆಲ್ಲ ಹರಡಿಕೊಂಡು, ಒಬ್ಬ ಮಗನಷ್ಟೇ ದುಡಿಯುತ್ತಿತ್ತು. ಅದರ ಗಡಿಯಾರ ಅಡುಗೆಮನೆಯ ಗೋಡೆಯಲ್ಲಿ ಟಿಕ್ ಟಿಕ್ ಎನ್ನುತ್ತಿತ್ತು. ಬ್ರೇಕಿನ ಡ್ರಮ್ಮು ಉಪ್ಪುಕೋಸಿನ ಪೀಪಾಯಿಯಲ್ಲಿ, ಕೋಸು ಮೇಲೇಳದ ಹಾಗೆ ಒತ್ತಿಕೊಂಡು ಕೂತಿತ್ತು. ಓಡದ ಕಾರು ಎಂದು ಊರು ನಗುತ್ತಿತ್ತು. ಮನೆಯಲ್ಲಿ ಅದರಷ್ಟು ಕೆಲಸ ಮಾಡುವವರು ಇನ್ನೊಬ್ಬರಿರಲಿಲ್ಲ, ಯಜಮಾನನೂ ಸೇರಿ.

ಸಿಹಿ ತಿಂಡಿಗಳು ಬರುವ ಹೊತ್ತಿಗೆ ಹೇಗೋ ರಾತೋಮಿರ್‌ನನ್ನು ಗ್ಯಾರೇಜಿಗೆ ಎಳೆದುಕೊಂಡು ಹೋದದ್ದಾಯಿತು. ಅವನು ತ್ರಿಸ್ತಾಚ್‌ನ ನೆಲವನ್ನು ಬೆರಳಿನಿಂದ ಮುಟ್ಟಿದ. ಬೆರಳು ತಗಡನ್ನು ತೂರಿ ಆಚೆ ಬಂತು.

"ಪಾಪ," ಎಂದ.

"ಪಾಪ ಗೀಪ ಅನ್ನಬೇಡಿ," ಎಂದ ಝಿವಾದಿನ್. ತನ್ನ ಧ್ವನಿ ಅಷ್ಟು ಗಟ್ಟಿಯಾದದ್ದು ಕೇಳಿ ಅವನಿಗೇ ಆಶ್ಚರ್ಯ. "ಇಷ್ಟವಿಲ್ಲದಿದ್ರೆ ಬಿಡಿ."

"ಇಷ್ಟ ಇಲ್ಲ ಅಂದ್ನಾ? ಎರಡು ವಾರದ ಬೆಸುಗೆ ಕೆಲಸ. ಎಂಜಿನ್ ಓಡುತ್ತೆ ತಾನೇ?"

"ಕೇಳ್ತೀರಾ?"

ಅಂಗಳದ ಸ್ಟೂಲಿನ ಮೇಲಿದ್ದ ಎಂಜಿನ್ ಒಂದೇ ಏಟಿಗೆ ಶುರುವಾಯಿತು. ರಾತೋಮಿರ್‌ನ ಕಣ್ಣು ತುಂಬಿತು. ಅದು ಎಂಜಿನ್ನಿಗೋ, ಹೊಗೆಗೋ, ಒಂಬತ್ತನೆಯ ಸಾರ್ಮಾಗೋ ತಿಳಿಯಲಿಲ್ಲ. "ಬಂಪರ್ ಒಂದು ತೋರಿಸಿ, ವ್ಯಾಪಾರಕ್ಕೆ ಕೈ ಕುಲುಕಿಬಿಡ್ತೀನಿ," ಎಂದ.

ಬಂಪರ್! ಅದು ಅಂಗಳದ ಮೂಲೆಯಲ್ಲಿ, ನೆಲಕ್ಕೆ ಹೂಳಿದ ಕಂಬವಾಗಿ, ಸಿಗರೇಟು ಸೇದುವವರ ತಲೆ ಮೇಲಿನ ಟಾರ್ಪಾಲಿನ ಒಂದು ಕಿವಿಯನ್ನು ಹಿಡಿದು ನಿಂತಿತ್ತು. ವ್ಯಾಪಾರದ ಕಾವಿನಲ್ಲಿ ಝಿವಾದಿನ್‌ಗೆ ಅದು ಹಿಡಿದು ನಿಂತಿರುವುದು ಕಾಣಲಿಲ್ಲ, ಬಂಪರ್ ಮಾತ್ರ ಕಂಡಿತು. ಎರಡೂ ಕೈಯಲ್ಲಿ ತಬ್ಬಿ, ಮೂಲಂಗಿ ಕಿತ್ತ ಹಾಗೆ ಕಿತ್ತ.

ಹಿಂದಿನ ದಿನದ ಮಳೆಯೆಲ್ಲ ಟಾರ್ಪಾಲಿನ ಹೊಟ್ಟೆಯಲ್ಲಿ ಹಾಗೇ ಕೂತಿತ್ತು. ಅದು ಕೂತಲ್ಲಿಂದ ಎದ್ದಿತು. ಕೆಳಗೆ ಗಂಡಸರಿದ್ದರು, ಗಂಡಸರ ಮಧ್ಯೆ ದೊಡ್ಡ ತಟ್ಟೆ ಹಿಡಿದ ಪೆರ್ಸಿದಾ ಇದ್ದಳು, ತಟ್ಟೆಯಲ್ಲಿ ಅವಳು ಮೂರು ದಿನ ಕೂತು ಮಾಡಿದ ವಾಲ್‌ನಟ್ ತಿಂಡಿಗಳಿದ್ದವು. ಕ್ಷಣದಲ್ಲಿ ಸಿಗರೇಟುಗಳೆಲ್ಲ ಆರಿದವು. ತಿಂಡಿಗಳು ತಟ್ಟೆಯಿಂದ ಹೊರಟು ದೋಣಿವಿಹಾರ ಮಾಡಿದವು. ಪೆರ್ಸಿದಾ ಅಲ್ಲಾಡದೆ ನಿಂತಿದ್ದಳು. ಮೂಗಿನ ತುದಿಯಿಂದ ನೀರು ತೊಟ್ಟಿಕ್ಕುತ್ತಿತ್ತು. ಎದುರಿಗೆ ಬಂಪರನ್ನು ಎತ್ತಿಕೊಂಡು ಗಂಡ ನಿಂತಿದ್ದ, ನಾಮಕರಣದಲ್ಲಿ ಮಗು ಎತ್ತಿಕೊಂಡು ನಿಂತವನ ಹಾಗೆ.

"ಯಜಮಾನ್ರೇ," ಎಂದಳು ಅವಳು, ಬಹಳ ಮರ್ಯಾದೆಯಿಂದ. ಆ ಮನೆಯಲ್ಲಿ ಮರ್ಯಾದೆಯೇ ಅಪಾಯದ ಗಂಟೆ. "ಏನ್ ನಡೀತಿದೆ?"

ಝಿವಾದಿನ್ ಬಂಪರನ್ನು ಬೆನ್ನ ಹಿಂದೆ ಅಡಗಿಸಲು ನೋಡಿದ. ರಾತೋಮಿರ್ ಟೋಪಿ ತೆಗೆದ.

"ತಾಯಿ, ನಾನು ತಿಮೋತಿಯೆಯ ಮಗ ಅಲ್ಲ. ಕಾರು ಅದಲುಬದಲು ಮಾಡೋಕೆ ಬಂದೋನು."

ಒಳಗಿನಿಂದ ದೆಸಾಂಕಾ ಅತ್ತೆಯ ದನಿ ಕೇಳಿತು: "ಹಾಗಾದ್ರೆ ನಾನು ಅತ್ತಿದ್ದು ಯಾರಿಗೆ?"

ಪೆರ್ಸಿದಾ ಸೆರಗಿನಷ್ಟು ಅಗಲದ ಒರೆಸುಬಟ್ಟೆಯಿಂದ ಮುಖ ಒರೆಸಿಕೊಂಡಳು. ಗೇಟಿನಾಚೆಯ ಕೆಂಪು ಕೂಪೆಯನ್ನು ನೋಡಿದಳು. "ಚೆನ್ನಾಗಿದೆ. ಸರಿ, ಸ್ಟಾರ್ಟ್ ಮಾಡಿ. ನಾನೂ ಗಂಡನ ಹೊಸ ಕಾರಲ್ಲಿ ಒಂದು ಸುತ್ತು ಹೋಗಿಬರ್ತೀನಿ. ಹೇಗೂ ನೆಂದಿದ್ದೀನಿ, ಗಾಳಿಗೆ ಒಣಗ್ಲಿ."

ಝಿವಾದಿನ್‌ನ ಎದೆ ಹಿಗ್ಗಿತು. ಇಡೀ ಬಾಳಿನ ಕನಸು ಇಷ್ಟು ಸುಲಭವಾಗಿ, ಹೆಂಡತಿಯ ಬಾಯಲ್ಲೇ! ಅವನು ಓಡಿಹೋಗಿ ಚಾಲಕನ ಸೀಟಿನಲ್ಲಿ ಕೂತ. ಕೀ ತಿರುಗಿಸಿದ. ಕೂಪೆ ತನ್ನ ಪ್ರಸಿದ್ಧ ಮೌನವನ್ನು ಮುರಿಯಲಿಲ್ಲ. ಮತ್ತೆ ತಿರುಗಿಸಿದ. ಇಟಲಿಯ ಕೈಕೆಲಸ ಅಷ್ಟೇ ಶಾಂತವಾಗಿತ್ತು.

"ಅದು," ಎಂದು ರಾತೋಮಿರ್ ನೆಲ ನೋಡಿದ, "ಇಳಿಜಾರಲ್ಲಿ ಚೆನ್ನಾಗಿ ಹೋಗುತ್ತೆ."

ಗೆಳೆಯನ ಲಾರಿ ಅದನ್ನು ಚರ್ಚಿನ ಗುಡ್ಡದವರೆಗೆ ಎಳೆದು ತಂದಿತ್ತು. ಅಲ್ಲಿಂದ ಭೂಮಿಯೇ ಎಳೆದುಕೊಂಡಿತ್ತು. ರಾತೋಮಿರ್ ಬೆಸುಗೆಯವನು. ತಗಡು, ಬಣ್ಣ, ಹೊಳಪು ಎಂದರೆ ಪ್ರಾಣ. ಎಂಜಿನ್ ಎಂದರೆ ಕೈಕಾಲು ತಣ್ಣಗಾಗುತ್ತಿತ್ತು. ಹೀಗಾಗಿ ಅವನು ಹೊಳೆಯುತ್ತಿದ್ದುದನ್ನೇ ಮತ್ತೆ ಮತ್ತೆ ಹೊಳಪಿಸುತ್ತಾ ವರ್ಷಗಳನ್ನು ಕಳೆದಿದ್ದ.

ಪೆರ್ಸಿದಾ ಒಂದು ಕಾರನ್ನು ನೋಡಿದಳು, ಇನ್ನೊಂದು ಕಾರನ್ನು ನೋಡಿದಳು. "ಹೋಗದೇ ಇರೋದನ್ನ ಕೊಟ್ಟು, ಬರದೇ ಇರೋದನ್ನ ತಗೊಳ್ಳೋಕೆ ನನ್ನ ತಿಂಡಿ ನೀರುಪಾಲು ಮಾಡಿದ್ರಲ್ಲ. ಒಳಗೆ ಬನ್ನಿ, ಕಾಫಿ ಕುಡೀರಿ. ಲಾರಿ ಯಾವಾಗ ಬರುತ್ತೆ?"

"ನಾಳೆ."

"ಮನೇಲಿ ಹೆಂಡತಿ ಕಾಯ್ತಿರ್ತಾಳಲ್ವಾ? ನಂಬರ್ ಕೊಡಿ."

ಅವಳು ಫೋನ್ ಹಿಡಿದು ಅಡುಗೆಮನೆಗೆ ಹೋದಳು. ಗಂಡಸರಿಬ್ಬರೂ ಕಾಫಿ ಕಪ್ಪಿನ ತಳ ನೋಡುತ್ತಾ ಕೂತರು. ರಾತೋಮಿರ್‌ನ ಹೆಂಡತಿಯ ಹೆಸರು ವಿದೋಸಾವಾ. ಮೊದಲು ಅಡುಗೆಮನೆಯಿಂದ ಮೆಲ್ಲನೆಯ ಮಾತು ಕೇಳಿತು, ಆಮೇಲೆ ನಗು. ಆ ನಗು ಹೆಚ್ಚಾಗುತ್ತಲೇ ಹೋಯಿತು. ಝಿವಾದಿನ್ ಎದ್ದು ಬಾಗಿಲ ಮರೆಯಲ್ಲಿ ನಿಂತ.

"ಹೂಂ ಕಣ್ರೀ," ಎನ್ನುತ್ತಿದ್ದಳು ಪೆರ್ಸಿದಾ. "ಹೊರಗಿಂದ ನೋಡೋಕೆ ಪರವಾಗಿಲ್ಲ. ಒಂದೇ ಕೈಯಲ್ಲಿ ಓಡಿರೋದು, ಮೊದಲಿಂದ ನಾನೇ. ಬೆಳಗ್ಗೆ ಹೊತ್ತು ಸ್ಟಾರ್ಟ್ ಆಗೋದು ತಡ, ಕಾಫಿ ಹಾಕಿ ಸ್ವಲ್ಪ ತಳ್ಳಬೇಕು. ಇಲ್ಲ ಇಲ್ಲ, ಹೊಗೆ ಬರಲ್ಲ, ಸಿಗರೇಟು ಬಿಟ್ಟಿದ್ದಾನೆ. ಸದ್ದಾ? ರಾತ್ರಿ ಮಲಗಿದಾಗ ಬರುತ್ತೆ. ನಿಮ್ಮದೂನಾ? ಹಾಗಾದ್ರೆ ಎಲ್ಲಾ ಒಂದೇ ಕಾರ್ಖಾನೆ ಬಿಡಿ."

ಅವಳು ಫೋನಿಟ್ಟು ತಿರುಗಿದಳು. "ಕೇಳಿಸ್ಕೊಂಡ್ಯಾ? ಒಳ್ಳೇದಾಯ್ತು, ಮತ್ತೆ ಹೇಳೋ ಕೆಲಸ ತಪ್ಪಿತು. ಇನ್ಮೇಲೆ ಶನಿವಾರ ಶನಿವಾರ ನೀನು ಚಾಚಾಕ್‌ಗೆ ಹೋಗಿ ಅವರ ಎಂಜಿನ್ ಸರಿಮಾಡ್ತೀಯ. ಆಯಪ್ಪ ಇಲ್ಲಿಗೆ ಬಂದು ನಿನ್ನ ನೆಲಕ್ಕೆ ಬೆಸುಗೆ ಹಾಕ್ತಾನೆ. ಸ್ವಂತ ಮನೇಲಿ ಕಾಲು ಚಾಚಿ ಮಲಗೋ ಗಂಡಸು, ಬೇರೆಯವಳ ಕೈಯೂಟ ಉಂಡ್ರೆ ಮಾನ ಉಳಿಸ್ಕೊಳ್ಳೋಕೆ ಬೆಟ್ಟ ಬೇಕಾದ್ರೂ ಕಡೀತಾನೆ."

"ಅಂದ್ರೆ ಕಾರು..."

"ಕಾರು ಎಲ್ಲಿಗೂ ಹೋಗಲ್ಲ. ಬದಲಾಗಿರೋದು ನೀವಿಬ್ರು."

ಝಿವಾದಿನ್ ಮನಸ್ಸಲ್ಲೇ ಲೆಕ್ಕ ಹಾಕಿದ. ತ್ರಿಸ್ತಾಚ್ ಉಳಿಯಿತು. ಬೇಸಿಗೆಯೊಳಗೆ ಓಡಿದರೂ ಓಡೀತು. ಎದೆಯ ಮೇಲಿನ ಭಾರ ಇಳಿದ ಹಾಗಾಗಿ, ಹಳೆಯ ಗತ್ತು ಸ್ವಲ್ಪ ಮರಳಿತು. ಮೀಸೆ ತಿರುವಿಕೊಂಡು ಕೇಳಿದ:

"ಸಮಕ್ಕೆ ಸಮ ತಾನೇ? ಅವರ ಕಡೆಯಿಂದ ಮೇಲೆ ಏನಾದ್ರೂ ಕೊಡ್ತಾರಾ?"

"ನಾವೇ ಕೊಡಬೇಕು," ಎಂದಳು ಪೆರ್ಸಿದಾ. "ಅವಳ ಗಂಡ ಪಾತ್ರೆನೂ ತೊಳೀತಾನಂತೆ. ನಿನ್ನ ಜೊತೆ ಆರು ಬಾಟಲಿ ಆಯ್ವಾರ್, ನಮ್ಮ ಮೆಣಸಿನಕಾಯಿ ಚಟ್ನಿ, ಕಳಿಸೋದು ಅಂತ ಮಾತಾಯ್ತು."

"ಆರಾ? ನನ್ನ ಮೇಲೆ ಆರು ಬಾಟಲಿನಾ?"

"ಅವಳು ಹತ್ತು ಕೇಳಿದ್ಲು ಕಣೋ. ನಿನ್ನ ಹಲ್ಲೆಲ್ಲ ಸ್ವಂತದ್ದೇ ಅಂತ ಹೇಳಿ ಇಳಿಸಿದೆ."