ನನ್ನ ಕಿವಿಯ ಗುಟ್ಟು ಬಯಲು ಮಾಡಿದ ಆಟದ ಪೆಟ್ಟಿಗೆಯ ತಯಾರಕರಿಗೆ

ಮಾನ್ಯರೇ,

‘ನಿಜ ಹೇಳಿ ನೋಡೋಣ’ ಎಂಬ ಚೀಟಿಯಾಟವನ್ನು ತಯಾರಿಸಿ ಸ್ನೇಹಿತರ ಸಂಜೆಗಳನ್ನು ಬೆಳಗುತ್ತಿರುವ ತಮಗೆ, ಗಡಿಯಾರ ರಿಪೇರಿಯವನಾದ ನಾನು ಸೊಂಟ ಅನುಮತಿಸುವಷ್ಟು ಬಗ್ಗಿ ನಮಸ್ಕರಿಸುತ್ತೇನೆ. ತಾವು ಕ್ಷೇಮವೆಂದು ನಂಬಿದ್ದೇನೆ. ನಾವೂ ಕ್ಷೇಮವಾಗಿದ್ದೆವು, ಮೊನ್ನೆಮೊನ್ನೆಯ ಒಂದು ಶನಿವಾರ ಸಂಜೆ ಆರೂವರೆಯವರೆಗೆ.

ಅಂದು ನಮ್ಮ ಮನೆಗೆ ಪಕ್ಕದ ಮನೆಯ ಹಲ್ಲಿನ ಡಾಕ್ಟರು, ಅವರ ಶ್ರೀಮತಿ ಮತ್ತು ನನ್ನ ಭಾವಮೈದುನ ಬಂದಿದ್ದರು. ಈತ ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುವವ. ಆ ವಾರ ಯಾರು ಯಾರು ಬ್ರೇಕಿನ ಬದಲು ಆಕ್ಸಿಲರೇಟರ್ ತುಳಿದರೆಂಬುದನ್ನು ಪ್ರತಿ ಶನಿವಾರ ನಮ್ಮ ಸೋಫಾದಲ್ಲಿ ಕುಳಿತು ಫಸ್ಟ್ ಗೇರಿನಲ್ಲೇ ವರ್ಣಿಸುವವ. ಮೊದಮೊದಲು ಆಟ ಸೊಗಸಾಗಿಯೇ ಇತ್ತು. ‘ಒಂದು ಹಕ್ಕಿಯನ್ನು ಅಭಿನಯಿಸಿ’ ಎಂಬ ಚೀಟಿ ಬಂದು ಡಾಕ್ಟರು ಕುರ್ಚಿಯ ಮೇಲೆ ಒಂಟಿಕಾಲಲ್ಲಿ ನಿಂತು ಕೊಕ್ಕರೆಯಾದಾಗ, ಅವರ ಶ್ರೀಮತಿ “ಗೊತ್ತಾಯ್ತು, ಜಿರಳೆ ಕಂಡಾಗ ನೀವು!” ಎಂದು ಕೂಗಿ ನಮ್ಮೆಲ್ಲರ ಹೊಟ್ಟೆ ಹುಣ್ಣಾಗಿಸಿದರು.

ಆಮೇಲೆ ನನ್ನ ಹೆಂಡತಿ ಎತ್ತಿದ ಚೀಟಿಯಲ್ಲಿ, ‘ನಿಮಗೆ ಗೊತ್ತಿಲ್ಲವೆಂದು ಗಂಡ ನಂಬಿರುವ ಒಂದು ಸಂಗತಿ ಹೇಳಿ’ ಎಂದಿತ್ತು. ತಾವು ಉದಾರವಾಗಿ ಮೂವತ್ತು ಸೆಕೆಂಡು ಕೊಟ್ಟಿದ್ದೀರಿ. ಅವಳಿಗೆ ಎರಡು ಸಾಕಾಯಿತು.

“ನನ್ನ ತಮ್ಮ ಮಾತು ಶುರು ಮಾಡ್ತಿದ್ದ ಹಾಗೇ ಇವರು ಕಿವಿ ಮಿಷನ್ ಆಫ್ ಮಾಡ್ಕೋತಾರೆ. ನಾಲ್ಕು ವರ್ಷದಿಂದ.”

ಅಂಥ ನಿಶ್ಶಬ್ದವನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮಿಷನ್ ಆನ್ ಆಗಿಯೇ ಇತ್ತು.

ಭಾವಮೈದುನ ಎದ್ದು ಹೋಗುತ್ತಾನೆಂದುಕೊಂಡೆ. ಆದರೆ ಸರದಿ ಅವನದಾಗಿತ್ತು, ನಿಯಮ ಮೀರುವವನಲ್ಲ ಅವನು. ‘ಈ ಮನೆಗೆ ನೀವೇಕೆ ಬರುತ್ತೀರಿ?’ ಎಂಬ ಚೀಟಿಯನ್ನು ಎರಡು ಸಲ ಓದಿಕೊಂಡ.

“ನಾನು ಬಾಯಿ ತೆಗೆದ್ರೆ ಎಲ್ರೂ ಫೋನ್ ನೋಡ್ತಾರೆ. ಭಾವ ಒಬ್ರೇ ತಲೆ ಆಡಿಸ್ತಿದ್ರು. ಅದಕ್ಕೇ ಬರ್ತಿದ್ದೆ.”

ಅಲ್ಲಿಯವರೆಗೂ ಕೊಕ್ಕರೆಯಾಗಿಯೇ ನಿಂತಿದ್ದ ಡಾಕ್ಟರು ಮೆಲ್ಲಗೆ ಕುರ್ಚಿಯಿಂದಿಳಿದರು. ನಾನು ಮಿಷನ್ನಿನ ಸದ್ದನ್ನು ಪೂರ್ತಿ ಏರಿಸಿ, “ಮೊದಲಿಂದ ಹೇಳಪ್ಪ” ಎಂದೆ. ಅವನು ನಿಜಕ್ಕೂ ಮೊದಲಿಂದಲೇ ಶುರು ಮಾಡಿದ. ಈಗ ಬುಧವಾರವೂ ಬರುತ್ತಾನೆ. ನಾಲ್ಕು ವರ್ಷದ ಕಥೆಗಳಲ್ಲಿ ಸದ್ಯ ಎರಡನೆಯ ವರ್ಷದ್ದು ನಡೆಯುತ್ತಿದೆ. ಕಲಿಯಲು ಬಂದ ಹೆಡ್‌ಮೇಷ್ಟ್ರೊಬ್ಬರು ಡ್ರೈವಿಂಗ್ ಸ್ಕೂಲಿನ ಬೋರ್ಡಿಗೇ ಕಾರು ಗುದ್ದಿ, ಇಳಿದು, ಆ ಬೋರ್ಡಿನ ಕಾಗುಣಿತದ ತಪ್ಪು ತಿದ್ದಿದ ಕಥೆಗೆ ನಾನು ಕಣ್ಣೀರು ಬರುವಷ್ಟು ನಕ್ಕೆ. ಇದನ್ನು ಮೂರು ವರ್ಷ ತಡವಾಗಿ ಕೇಳಿದೆನಲ್ಲ ಎಂಬ ಸಂಕಟಕ್ಕೆ ತಾವಲ್ಲದೆ ಇನ್ನಾರು ಹೊಣೆ?

ಆದ್ದರಿಂದ, ನಾನು ಕೇಳಿಸಿಕೊಳ್ಳದ ಅಷ್ಟೂ ಶನಿವಾರಗಳನ್ನು ಧ್ವನಿಸಹಿತ ಹಿಂತಿರುಗಿಸಬೇಕೆಂದೂ, ಹೆಂಡತಿಯರು ಕನಿಷ್ಠ ಇಪ್ಪತ್ತು ಸೆಕೆಂಡು ಯೋಚಿಸುವಂತೆ ಪೆಟ್ಟಿಗೆಯಲ್ಲೇ ಏರ್ಪಾಡು ಮಾಡಬೇಕೆಂದೂ ವಿನಂತಿಸುತ್ತೇನೆ.

ಈಗ ಎಲ್ಲವನ್ನೂ ಕೇಳಿಸಿಕೊಳ್ಳುತ್ತಿರುವ,
ತಮ್ಮ ವಿಶ್ವಾಸಿ,
ಗಡಿಯಾರ ರಿಪೇರಿಯವ

ತಾ.ಕ.: ಉತ್ತರ ಬರೆಯುವ ಮೊದಲು ತಾವೂ ಸಂಸಾರ ಸಮೇತ ಒಮ್ಮೆ ಆಡಿ ನೋಡಿ. ಆಮೇಲೂ ಎಲ್ಲರೂ ಒಂದೇ ಮನೆಯಲ್ಲಿದ್ದರೆ, ಆ ವಿಳಾಸ ತಿಳಿಸಿ.